ದುಂಡಪ್ಪನ ನಾಕು ಕೊಳವಿ

ಕೂತೀರೇನು ಎಲ್ಲಾರೂ? ಹಂಗಾದ್ರ ಕೇಳ್ರಿ.

ಹೊಳಿ ದಂಡಿ ಮ್ಯಾಲ ಒಂದೂರಾಗ ತಂಗೆವ್ವ ಅಂತ ಒಬ್ಬಾಕಿ ಇದ್ಲು. ಆಕಿಗೆ ಒಬ್ಬನ ಮಗ, ದುಂಡಪ್ಪ. ಮೂವತ್ತು ವರ್ಷದಾಂವ, ಎತ್ತಿನಂಥ ಮೈ. ಹೇಳಿದ್ದು ಹೇಳಿದಂಗ ಮಾಡಾಂವ. ಅದ ನೋಡ್ರಿ ಬಂದಿದ್ದ ತ್ರಾಸು! "ಬಾಗಲಾ ನೋಡ್ಕೊಂಡಿರೋ" ಅಂದ್ರ ಬಾಗಲದ ಕಡೆ ಮಾರಿ ಮಾಡಿ ಹೊತ್ತು ಮುಣುಗೋತನ ಬಾಗಲಾನ ನೋಡ್ತಿದ್ದ. ಕಿಡಿಕ್ಯಾಗಿಂದ ಬೆಕ್ಕು ಬಂದು ಹಾಲು ಕುಡದು ಹೋಗ್ತಿತ್ತು.

"ಎಂಥಾ ಮಗನ್ನ ಹಡದ್ನೆಪ್ಪಾ!" ಅಂತ ತಂಗೆವ್ವ ಹಣಿ ಬಡಕೋತಿದ್ಲು. ಹಣಿ ಬಡಕೊಂಡ ಕೈಲೇ ಅವಗ ರೊಟ್ಟಿ ಬಡೀತಿದ್ಲು.

ತಂಗೆವ್ವಗ ಮೊಳಕಾಲು ಬ್ಯಾನಿ. ಬಸ್ಸಿನ ಪಾವಟಿಗಿ ಹತ್ತಾಕ ಆಗ್ತಿದ್ದಿಲ್ಲ, ಆಟೋದಾಗ ಕಾಲು ಮಡಚಾಕ ಆಗ್ತಿದ್ದಿಲ್ಲ. ಮೂರು ಮೈಲಿ ಆಚೆ ಊರಾಗ ಆಕಿ ಗೆಳತಿ ಬಾಳವ್ವ ಇದ್ಲು. ಕಣ್ಣಿಗೆ ಪೊರಿ ಬಂದು ಆರು ವರ್ಷ ಬಾಳವ್ವಗ ಏನೂ ಕಾಣ್ತಿದ್ದಿಲ್ಲ. ಈಗ ಆಪರೇಷನ್ ಆಗಿ ಕಣ್ಣು ಬಂದಿದ್ವು. "ತಂಗೆವ್ವನ ಮಾರಿ ನೋಡಬೇಕ್ರೋ, ಕರಕೊಂಡ ಬರ್ರಿ" ಅಂತ ಹೇಳಿ ಕಳಿಸಿದ್ಲು.

ತಂಗೆವ್ವನ ತಮ್ಮ ಕಾಡಪ್ಪ, ವೆಲ್ಡಿಂಗ್ ಅಂಗಡಿ ಮೇಸ್ತ್ರಿ. ಅಂವ ಅಂದ, "ಅಕ್ಕಾ, ಅಳಬ್ಯಾಡ. ನೀ ಕಾಲು ಚಾಚಿ ಕೂಡೋವಂಥಾ ಕಾರು ನಾನ ಮಾಡ್ತೀನಿ!"

ಮಾಡಿದ. ಕಬ್ಬಿಣದ ಚೌಕಟ್ಟು ಕಟ್ಟಿದ, ಹಳೇ ವ್ಯಾನಿನ ಇಂಜಿನ್ ಕೂಡಿಸಿದ. ಎಲ್ಲಾ ಕೂಡಿತು, ಒಂದು ಕೂಡಲಿಲ್ಲ. ಇಂಜಿನ್ನಿನ ಹೊಗಿ ನಾಕು ಬಾಯಿಂದ ಬರ್ತೈತಿ. ಆ ಹೊಗಿ ಹೊತ್ತೊಯ್ಯೋ ಮ್ಯಾನಿಫೋಲ್ಡು ಸ್ಟೇರಿಂಗಿನ ರಾಡಿಗೆ ಬಡೀತಿತ್ತು. "ಹೊಸಾದ ಮಾಡಬೇಕು" ಅಂದ ಕಾಡಪ್ಪ. "ನಾಕು ಕೊಳವಿ ಬಗ್ಗಿಸಿ ಒಂದಕ್ಕ ಕೂಡಿಸಬೇಕು." ಕೈಗೆ ಆಸರಾಗಲಿ ಅಂತ ದುಂಡಪ್ಪನ್ನ ಕರದ.

ಮೊದಲ ರಟ್ಟಿನ ಮ್ಯಾಲ ಅಳತಿ ಕೊರದು ಕೊಟ್ಟ. "ಈ ರಟ್ಟಿನ್ಯಾಗ ಎಲ್ಲೆಲ್ಲಿ ತೂತು ಅದಾವೋ, ಅಲ್ಲೆಲ್ಲಾ ಇಂಜಿನ್ನಿನ ಬಾಯಿಗೆ ಹಚ್ಚೋ ಈ ಕಬ್ಬಿಣದ ಪಟ್ಟಿಗೆ ತೂತು ಹೊಡಿ."

ರಾತ್ರಿ ರಟ್ಟನ್ನ ಇಲಿ ಕಡದಿತ್ತು. ದುಂಡಪ್ಪ ಮುಂಜಾನಿಂದ ಮಧ್ಯಾಹ್ನತನ ಕೂತು, ಇಲಿ ಕಡದ ತೂತನ್ನೂ ಹಲ್ಲಿನ ಗುರ್ತಿನ ಸಮೇತ ಕೊರದು ಇಟ್ಟ!

"ಏ ಹುಚ್ಚಪ್ಪಾ! ಹೊಗಿ ಎಲ್ಲಾ ಸೋರಿ ಹೋಗ್ತೈತಲ್ಲೋ! ಹಂಗ ತೂತು ಕಂಡ್ರ ಮುಚ್ಚಬೇಕು!"

"ಹೂನ್ ಮಾಮಾ. ತೂತು ಕಂಡ್ರ ಮುಚ್ತೀನಿ."

ಮನಿಗೆ ಬಂದ. ಗ್ವಾಡಿಗೆ ಹಿಟ್ಟಿನ ಸಾಣಿಗಿ ತೂಗು ಹಾಕಿತ್ತು. ನೋಡಿದ. ಅಬಬಾ, ಎಷ್ಟು ತೂತು! ಹಸೀ ಮಣ್ಣು ತಂದ, ಒಂದೊಂದ ತೂತಿಗೆ ಒಂದೊಂದ ಬೊಟ್ಟು ಹಚ್ಚಿ ಮುಚ್ಚಿದ. ಮರದಿನ ತಂಗೆವ್ವ ಹಿಟ್ಟು ಸೋಸಾಕ ಕೂತ್ರ ಒಂದು ಕಾಳಷ್ಟೂ ಬೀಳವಲ್ದು!

"ನನ್ನ ಸಾಣಿಗಿ ಏನ್ ಮಾಡಿದ್ಯೋ!"

"ಸೋರತಿತ್ತು ಬೇ. ಮುಚ್ಚಿದೆ."

"ಅಯ್ಯ ನನ್ನಪ್ಪಾ! ಸಾಮಾನು ಮುಟ್ಟೋ ಮುಂದ ಕೂಸಿನ್ನ ಮುಟ್ಟಿದಂಗ ಮುಟ್ಟಬೇಕೋ! ಕೂಸಿನ್ನ ಜ್ವಾಕಿ ಮಾಡಿದಂಗ ಮಾಡಬೇಕೋ!"

"ಹೂನ್ ಬೇ. ಕೂಸಿನಂಗ ಮಾಡ್ತೀನಿ."

ಆವತ್ತ ಕಾಡಪ್ಪ ಕೊಳವಿ ಕೊಟ್ಟ. "ಇದರಾಗ ಒಣಾ ಉಸುಕು ಗಚ್ಚಾಗಿ ತುಂಬು, ಎರಡೂ ಬಾಯಿಗೆ ಬೆಣಿ ಹೊಡಿ. ಆಮ್ಯಾಲ ಬಗ್ಗಿಸೋಣು. ಉಸುಕಿದ್ರ ಕೊಳವಿ ಚಪ್ಪಟಿ ಆಗಂಗಿಲ್ಲ."

ದುಂಡಪ್ಪ ಉಸುಕು ತುಂಬಿದ, ಬೆಣಿ ಹೊಡದ. ಆಮ್ಯಾಲ ಅವ್ವನ ಹಳೇ ಸೀರಿ ತಂದು ನಾಕೂ ಕೊಳವಿ ಸುತ್ತಿದ. ಅಂಗಡಿ ತೊಲಿಗೆ ಜೋಳಿಗಿ ಕಟ್ಟಿ ಮಲಗಿಸಿದ. ಕಾಡಪ್ಪ ಬಂದು ನೋಡ್ತಾನ, ಅಳಿಯ ಜೋಳಿಗಿ ತೂಗಕೋತ ಜೋಗುಳ ಹಾಡಾಕತ್ತಾನ!

"ಏನಲೇ ಇದು?"

"ಸಣ್ಣಾಗಿ ಮಾತಾಡು ಮಾಮಾ! ಮೂರು ಮಲಗ್ಯಾವು, ಒಂದು ಇನ್ನೂ ಎಚ್ಚರೈತಿ."

ಕಾಡಪ್ಪಗ ಬೈಯೋದೋ ನಗೋದೋ ತಿಳೀಲಿಲ್ಲ. "ಕಬ್ಬಿಣಲೇ ಅದು, ಕೂಸಲ್ಲ! ಬಗ್ಗವಲ್ದು ಅಂದ್ರ ಉಸುಕು ಹಾಕಿ ಕಾಸಬೇಕು. ಕಾಸಿದ್ರ ತಾನ ಬಗ್ಗತೈತಿ!" ಅಂತ ಕೊಳವಿ ಕಸ್ಕೊಂಡ. ಕೆಂಪಗ ಕಾಸಿ ನಾಕನ್ನೂ ತಾನ ಬಗ್ಗಿಸಿದ.

"ಹೂನ್ ಮಾಮಾ. ಬಗ್ಗವಲ್ದು ಅಂದ್ರ ಉಸುಕು ಹಾಕಿ ಕಾಸ್ತೀನಿ."

ಸಂಜೀಕ ಮನಿಗೆ ಬಂದ್ರ ತಂಗೆವ್ವ ಒಲಿ ಮುಂದ ಕೂತು ನರಳಾಕತ್ತಿದ್ಲು. "ಎಪ್ಪಾ, ಮೊಳಕಾಲು ಬಗ್ಗವಲ್ದೋ!"

ಬಗ್ಗವಲ್ದು! ದುಂಡಪ್ಪ ಜಿಗದೆದ್ದ. ಹೆಂಚಿನ ಮ್ಯಾಲ ಉಸುಕು ಕಾಸಿದ, ಅಂಗಿ ತೋಳಿನ್ಯಾಗ ತುಂಬಿ ಗಂಟು ಕಟ್ಟಿದ, ತಂದು ಅವ್ವನ ಮೊಳಕಾಲ ಮ್ಯಾಲ ಒತ್ತಿದ.

"ಸತ್ನೆಪ್ಪೋ! ಸುಟ್ಟೆಲ್ಲೋ!" ಅಂದ್ಲು ತಂಗೆವ್ವ. ಆಮ್ಯಾಲ ಮೆಲ್ಲಕ ಬಿಸಿ ಒಳಗೊಳಗ ಇಳೀತು. ಎಷ್ಟೋ ದಿನದ ಬ್ಯಾನಿ ಸಡಲಾತು. ಕಣ್ಣು ಮುಚ್ಚಿ "ಎಪ್ಪಾ... ಹಾಂ" ಅಂದ್ಲು.

ಅಷ್ಟರಾಗ ದುಂಡಪ್ಪ ಉಸುಕಿನ ಗಂಟು ತಗದು ಮೊಳಕಾಲಿಗೆ ಮಾರಿ ಹಚ್ಚಿ ನೋಡಾಕತ್ತ.

"ಏನ್ ನೋಡ್ತೀಯೋ?"

"ಕೆಂಪಗಾತೇನು ಅಂತ. ಕೆಂಪಗಾದ್ರ ಬಗ್ಗಿಸಬೇಕು."

"ಬ್ಯಾಡೋ!" ಚೀರಿದ್ಲು ತಂಗೆವ್ವ. "ಹಿಂಗ ನಡುವ ಬಿಡಬ್ಯಾಡ! ಹಿಡದ ಕೆಲಸ ಸಾಕು ಅನ್ನೋತನ ಮಾಡು!" ಮತ್ತ ಆಕಿನ ಮೆಲ್ಲಕ ಅವನ ತಲಿ ಮ್ಯಾಲ ಕೈ ಇಟ್ಲು. "ಇನ್ನೊಂದಿಷ್ಟು ಕಾಸೋ ನನ್ನ ಕಂದಾ."

ಸಾಕು ಅನ್ನೋತನ ಮಾಡಬೇಕು!

ಮರದಿನ ಕಾಡಪ್ಪ ಹೊಸಾ ಪಟ್ಟಿ ಕೊರದ, ನಾಕೂ ಕೊಳವಿ ಅದಕ್ಕ ಬೆಸದ. ಬೆಸಿಗಿ ಒಳಗ ಗಂಟು ಗಂಟಾಗಿತ್ತು, ಪಟ್ಟಿ ಶಾಖಕ್ಕ ಒಂದೀಟು ಸೊಟ್ಟಾಗಿತ್ತು. "ಕಬ್ಬಿಣ ತಿಕ್ಕೋ ಕಾನಸ ತಗೊಂಡು ನುಣ್ಣಗ ಮಾಡು" ಅಂತ ಹೇಳಿ ಊಟಕ್ಕ ಹ್ವಾದ. ದಾರ್‍ಯಾಗ ಯಾರದೋ ಗೇಟು ಮುರದಿತ್ತು, ಅಲ್ಲೇ ಉಳದ. ದುಂಡಪ್ಪನ ನೆನಪ ಹಾರಿತು.

ಸಂಜೀಕ ಬಂದ್ರ ದುಂಡಪ್ಪ ಇನ್ನೂ ತಿಕ್ಕಾಕತ್ತಾನ! ಅಂಗೈ ತುಂಬ ಗುಳ್ಳಿ, ಮಾರಿ ತುಂಬ ಕಬ್ಬಿಣದ ಪುಡಿ.

"ಉಂಡಿಲ್ಲೇನೋ?"

"ನೀ ಸಾಕು ಅಂದಿಲ್ಲಲ್ಲ ಮಾಮಾ."

ಕಾಡಪ್ಪ ಕೊಳವಿ ಒಳಗ ಬಟ್ಟು ಹಾಕಿ ಆಡಿಸಿದ. ಎಲ್ಲೂ ತಡೀಲಿಲ್ಲ. ಪಟ್ಟಿ ಇಂಜಿನ್ನಿಗೆ ಹಚ್ಚಿ ನೋಡಿದ. ಕೂದಲಷ್ಟು ಸಂದಿಲ್ಲ. ಇಪ್ಪತ್ತು ವರ್ಷದ ಕಸಬಿನ್ಯಾಗ ತಾನೂ ಅಂಥಾದು ಮಾಡಿದ್ದಿಲ್ಲ. ಅವನ ಕೈಯಾಗಿನ ಕಾನಸ ತಗೊಂಡ.

"ಸಾಕು, ದುಂಡ್ಯಾ. ಸಾಕು ಮಗನ."

ಕಾರು ಚಾಲೂ ಆತು! ಮರದಿನ ಮುಂಜಾನಿ ತಂಗೆವ್ವ ಮುಂದ ಕಾಲು ಚಾಚಿ ಕೂತ್ಲು. ಕಾಡಪ್ಪ ಸ್ಟೇರಿಂಗ್ ಹಿಡದು ಅಂದ, "ದುಂಡಪ್ಪಾ, ನಿನ್ನ ಕಿವಿ ಸೈಲೆನ್ಸರಿನ ಹಿಂದ ಇರಲಿ. ಸಪ್ಪಳ ಬದಲಾದ್ರ ಹೇಳು."

ಹೊಂಟ್ರು. ಕಾರಿಗೆ ಇನ್ನೂ ಕನ್ನಡಿ ಹಚ್ಚಿದ್ದಿಲ್ಲ, ಬಾಗಲಾ ಹಚ್ಚಿದ್ದಿಲ್ಲ. ತಂಗೆವ್ವ ಎರಡು ಸಲ ಹಿಂದಿನ ಸೀಟಿನ ಕಡೆ ಮಾತು ಬಿಟ್ಲು, ಉತ್ತರಿಲ್ಲ. ಸಿಟ್ಟಾಗ್ಯಾನ ಅನ್ಕೊಂಡ್ಲು. ಬಾಳವ್ವನ ಮನಿ ಮುಂದ ನಿಂತು ಇಳದು ನೋಡ್ತಾರ, ಹಿಂದಿನ ಸೀಟು ಖಾಲಿ! ಕಾರಿನ ಬೆನ್ನಿಗೆ ಧೂಳಿನ್ಯಾಗ ಬಗ್ಗಿ ನಿಂತು ದುಂಡಪ್ಪ ತೇಕಾಕತ್ತಾನ.

"ಮಾಮಾ... ಮೂರು ಮೈಲಿ... ಸಪ್ಪಳ ಬದಲಾಗಿಲ್ಲ!"

ತಂಗೆವ್ವ ಕುಂಟಕೋತ ಅವನ ಹತ್ರ ಬಂದ್ಲು. ಸೆರಗಿಲೇ ಅವನ ಮಾರಿ ವರಸಿದ್ಲು.

ಬಾಳವ್ವ ಹೊಸ್ತಿಲತನ ಬಂದು ಗೆಳತಿ ಗಲ್ಲ ಹಿಡದು ನೋಡಿದ್ಲು, ನೋಡಿದ್ಲು, ನೋಡಿದ್ಲು. "ಮುದುಕಿ ಆಗೀಯಲ್ಲೇ!"

"ನೀ ಏನು ಹುಡುಗಿ ಉಳದೀಯೇನ?"

ಇಬ್ರೂ ನಕ್ರು, ಇಬ್ರೂ ಅತ್ರು. "ಈ ಧೂಳಿನ ಗೊಂಬಿ ಯಾಂವ?" ಅಂತ ಕೇಳಿದ್ಲು ಬಾಳವ್ವ.

"ನನ್ನ ಮಗ" ಅಂದ್ಲು ತಂಗೆವ್ವ, ನೆಟ್ಟಗ ನಿಂತು. "ನಾ ಬಂದ ಕಾರಿಗೆ ಕೊಳವಿ ತಿಕ್ಕಿದಾಂವ ಇವನ."

ಹೊಳ್ಳಿ ಬರೋ ಮುಂದ ತಂಗೆವ್ವ ಬಟ್ಟು ತೋರಿಸಿ ಹೇಳಿದ್ಲು, "ಈ ಸಲ ಒಳಗ ಕೂಡಬೇಕು. ಮನಿ ಬರೋತನ ಇಳೀಬಾರದು. ತಿಳೀತೇನು?"

"ತಿಳೀತು ಬೇ!"

ಕೆನಾಲ್ ಏರಿ ಮ್ಯಾಲ ಕಾರು ಎರಡು ಸಲ ಕೆಮ್ಮಿ ನಿಂತು ಬಿಟ್ಟಿತು. ಕಾಡಪ್ಪ ಕೆಳಗ ಜಿಗದ. "ದುಂಡ್ಯಾ, ತಳ್ಳು!"

ಇಳೀಬಾರದು ಅಂದಾಳ ಅವ್ವ. ತಳ್ಳು ಅಂದಾನ ಮಾಮಾ. ದುಂಡಪ್ಪ ಕೂತಲ್ಲೇ ಮುಂದಿನ ಸೀಟಿಗೆ ಎರಡೂ ಕೈ ಹಚ್ಚಿ, ಹಲ್ಲು ಕಚ್ಚಿ ತಳ್ಳಾಕತ್ತ.

"ಏನ್ ಮಾಡಾಕತ್ತೀಯೋ?" ಅಂದ್ಲು ತಂಗೆವ್ವ.

"ತಳ್ಳಾಕತ್ತೀನಿ ಬೇ! ಭಾರ ಐತಿ! ನೀನೂ ಒಂದ ಕೈ ಹಚ್ಚು!"

ತಂಗೆವ್ವ ಹೊಳ್ಳಿ ಮಗನ ಬೆವತ ಮಾರಿ ನೋಡಿದ್ಲು. ಹಣಿ ಬಡಕೊಳ್ಳಾಕ ಎತ್ತಿದ ಕೈ ನಡುವ ನಿಂತಿತು. ಆಮ್ಯಾಲ ನಕ್ಕೋತ, ತಾನೂ ಎರಡೂ ಕೈ ಮುಂದಿನ ಹಲಗಿಗೆ ಹಚ್ಚಿದ್ಲು. "ಹೂಂ, ತಳ್ಳೋಣು ನಡಿಯೋ!"

ಹೊರಗ ಕಾಡಪ್ಪ ಒಂದು ಕೈಲೇ ಸ್ಟೇರಿಂಗ್ ಹಿಡದು, ಹೆಗಲ ಕೊಟ್ಟು, ಏದುಸಿರು ಬಿಟ್ಟಕೋತ ನೂಕಾಕತ್ತಿದ್ದ. ಕಾರು ಅಲುಗಾಡಿತು. ಮೆಲ್ಲಕ ಇಳುಕಲಿಗೆ ಉರಳಿತು. ಕಾಡಪ್ಪ ಒಳಗ ಜಿಗದ. ಭರ್ರಂತ ಇಂಜಿನ್ ಹತ್ತಿತು!

ದುಂಡಪ್ಪ ಬೆವರು ವರಸ್ಕೊಂಡು ಅಂದ, "ನೋಡಿದ್ಯೇನಬೇ? ಮಾಮಾ ಒಬ್ಬನ ಇದ್ದಿದ್ರ ಆಗ್ತಿತ್ತೇನು?"