ಗಾಳಿಯ ದಿನದ ಹರಿಗೋಲು

“ಗುರುಗಳೇ, ದೊಡ್ಡ ಕಾಲೇಜಿನವರು ವಿದ್ಯಾರ್ಥಿಯನ್ನು ಆರಿಸುವಾಗ ಅವನ ಅಂಕ ನೋಡುತ್ತಾರೋ, ಅವನು ಓದಿದ ವಿಷಯ ಎಷ್ಟು ಕಠಿಣವಾಗಿತ್ತೆಂದು ನೋಡುತ್ತಾರೋ?” ಎಂದು ಗುರುಸಿದ್ಧ ಕೇಳಿದ. ಸುಲಭದ ವಿಷಯ ತೆಗೆದುಕೊಂಡರೆ ಅವನು ತರಗತಿಗೆ ಮೊದಲಿಗನಾಗುವುದು ಖಂಡಿತವಿತ್ತು. ಗಣಿತ ತೆಗೆದುಕೊಂಡರೆ ಆ ಭರವಸೆ ಇರಲಿಲ್ಲ.

ಗುರುಗಳು ಹೇಳಿದರು:

ಒಂದು ಹೊಳೆಯ ದಡದಲ್ಲಿ ಒಬ್ಬ ಮುದಿ ಅಂಬಿಗನಿದ್ದ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಬಸುರಿಯರನ್ನೂ ರೋಗಿಗಳನ್ನೂ ಆಚೆ ದಡಕ್ಕೆ ಮುಟ್ಟಿಸುವವನು ಅವನೊಬ್ಬನೇ. ಅವನ ತೋಳಿನ ಬಲ ಕುಗ್ಗಿತು. ತನ್ನ ಕೆಲಸ ಕಲಿಸಲು ಒಬ್ಬರನ್ನು ಹುಡುಕಿದ. ಇಬ್ಬರು ಬಂದರು.

ಮೊದಲನೆಯವನು ಅದೇ ಹೊಳೆಯ ಕೆಳಗಿನ ಊರಿನ ಯುವಕ. ತನ್ನ ಹರಿಗೋಲಿನಲ್ಲಿ ಕುಳಿತವರ ಕಾಲು ಒಂದು ಸಲವೂ ನೆನೆದಿಲ್ಲವೆಂದ. ಊರವರೂ ಹೌದೆಂದರು. ಅಂಬಿಗ ವಿಚಾರಿಸಿದಾಗ, ಅವನು ಹರಿಗೋಲು ನಡೆಸುತ್ತಿದ್ದುದು ಬೇಸಿಗೆಯಲ್ಲಿ ಮಾತ್ರ, ಮಳೆ ಹಿಡಿದೊಡನೆ ಅದನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಿದ್ದನೆಂದು ತಿಳಿಯಿತು.

ಎರಡನೆಯವಳು ಹೊಳೆಯನ್ನೇ ಕಾಣದ ಊರಿನ ಯುವತಿ. ಅಲ್ಲಿ ಇದ್ದುದು ಒಂದು ಕೆರೆ. ತನ್ನ ಹರಿಗೋಲು ಎಷ್ಟೋ ಸಲ ಮಗುಚಿದೆ ಎಂದು ಅವಳೇ ಹೇಳಿಬಿಟ್ಟಳು. ಯುವಕ ನಕ್ಕ.

“ಕೆರೆಯಲ್ಲಿ ಹೇಗೆ ಮಗುಚಿತು ಮಗಳೇ?” ಎಂದು ಅಂಬಿಗ ಕೇಳಿದ.

“ಗಾಳಿ ಎದ್ದಾಗ ಎಲ್ಲರೂ ಮನೆಗೆ ಹೋಗುತ್ತಿದ್ದರು ಅಜ್ಜಾ. ನಾನು ಆಗ ಇಳಿಯುತ್ತಿದ್ದೆ. ನಮ್ಮೂರಲ್ಲಿ ಅದಕ್ಕಿಂತ ಕಷ್ಟದ ನೀರು ಸಿಗಲಿಲ್ಲ. ಈಗೀಗ ಮಗುಚುವುದಿಲ್ಲ.”

ಅಂಬಿಗ ಅವಳ ಮಾತನ್ನು ನಂಬಿ ಸುಮ್ಮನಾಗಲಿಲ್ಲ. ತುಂಬಿದ ಹೊಳೆಗೆ ಹರಿಗೋಲು ಇಳಿಸಿ, ತಾನೂ ಹತ್ತಿ ಕುಳಿತು, ಹುಟ್ಟನ್ನು ಮೊದಲು ಯುವಕನ ಕೈಗೆ ಕೊಟ್ಟ. ಸೆಳವು ಬಡಿದೊಡನೆ ಅವನ ಕೈ ನಿಂತೇಹೋಯಿತು. ಅಂಬಿಗನೇ ಹುಟ್ಟು ಹಿಡಿದು ದಡಕ್ಕೆ ತಂದ. ಯುವತಿಯ ಸರದಿಯಲ್ಲಿ ಹರಿಗೋಲು ಗರಗರ ತಿರುಗಿತು, ಬಹಳ ದೂರ ಕೆಳಕ್ಕೆ ತೇಲಿತು. ಅವಳ ಮುಖ ಬಿಳಿಚಿಕೊಂಡಿತ್ತು. ಆದರೂ ಹುಟ್ಟು ಬಿಡದೆ ಆಚೆ ದಡ ಮುಟ್ಟಿಸಿದಳು. ಅಂಬಿಗ ಅವಳನ್ನು ಉಳಿಸಿಕೊಂಡ. ಯುವಕನಿಗೆ, ಒಂದು ಮಳೆಗಾಲವೆಲ್ಲ ನೀರಿಗಿಳಿದು ಆಮೇಲೆ ಮತ್ತೆ ಬಾ ಎಂದ.

ಕತೆ ಕೇಳಿ ಗುರುಸಿದ್ಧನಿಗೆ ಸಮಾಧಾನವಾಯಿತು. “ಹಾಗಾದರೆ ಗಣಿತವನ್ನೇ ತೆಗೆದುಕೊಳ್ಳುತ್ತೇನೆ. ನೋಡುವವರು ಮೆಚ್ಚುತ್ತಾರೆ” ಎಂದ.

ಗುರುಗಳು ಹೇಳಿದರು: “ಅವಳು ಗಾಳಿಯಲ್ಲಿ ಕೆರೆಗೆ ಇಳಿದಾಗ ದಡದಲ್ಲಿ ನೋಡುವವರು ಯಾರೂ ಇರಲಿಲ್ಲ.”