ಕುರುಡು ನಾಯಿ ಮತ್ತು ಗುರುವಿನ ಹಾವುಗೆ

ಮಾಗಿಯ ಚಳಿಗೆ ಮಡಿವಾಳಜ್ಜರ ಮೊಣಕಾಲು ಬಾತಿತ್ತು. ಹೊಳೆದಂಡೆಯ ಆ ಪುಟ್ಟ ಆಶ್ರಮಕ್ಕೆ ಅಂದು ಯಾರೂ ಬಂದಿರಲಿಲ್ಲ. ಕೆಂಚಿ, ಬೋಳ ಎಂಬ ಎರಡು ನಾಯಿಗಳು ಮಾತ್ರ ಬಾಗಿಲಲ್ಲಿ ಕಾದು ನಿಂತಿದ್ದವು. ದಿನಾ ಬೆಳಿಗ್ಗೆ ಅಜ್ಜರೇ ಅವನ್ನು ದಂಡೆಗುಂಟ ಅಡ್ಡಾಡಿಸಿಕೊಂಡು ಬರುತ್ತಿದ್ದರು.

"ಇವತ್ತ ನೀನ ಹೋಗಿ ಬಾ," ಎಂದರು ಶಿಷ್ಯ ಸಂಗಯ್ಯನಿಗೆ. "ನನ್ನ ಹಾವುಗಿ ಮೆಟ್ಟಿಕೊಂಡು ಹೋಗು."

ಸಂಗಯ್ಯ ಮೊದಲೇ ಪುಕ್ಕಲು ಮನುಷ್ಯ. ಅಜ್ಜರು ಒಮ್ಮೆ ಕೆಮ್ಮಿದರೂ, ಇವರಿಗೇನಾದರೂ ಆದರೆ ನನ್ನ ಗತಿಯೇನು ಎಂದು ಇವನ ಎದೆ ಹಾರುತ್ತಿತ್ತು.

"ಕೆಂಚಿ ಕುರುಡಿ ಐತ್ರಿ ಅಜ್ಜಾರ. ಹಗ್ಗ ಕಟ್ಟಲಿ?"

"ಅದಕ್ಕ ಹಗ್ಗ ಬೇಕಿಲ್ಲ."

ಕಟ್ಟಿಗೆಯ ಹಾವುಗೆಗಳು ಗೋಡೆಯ ಬಳಿ ಇದ್ದವು. ಬಂದ ಭಕ್ತರೆಲ್ಲ ಅವಕ್ಕೆ ಹೂವಿಟ್ಟು ಹಣೆ ಹಚ್ಚಿ ಹೋಗುತ್ತಿದ್ದರು. ನೆಲದ ಚಳಿ ನನ್ನ ಕಾಲಿಗೆ ತಾಗದಿರಲಿ ಎಂದು ಹೇಳಿದ್ದಾರೆ, ದೊಡ್ಡ ಮನಸ್ಸು ಎಂದುಕೊಂಡ ಸಂಗಯ್ಯ. ಗುರುವಿನ ಹಾವುಗೆಗೆ ಶಿಷ್ಯ ಕಾಲಿಡುವುದುಂಟೇ? ಕಣ್ಣಿಗೊತ್ತಿಕೊಂಡು, ಇದ್ದಲ್ಲೇ ಇಟ್ಟು, ಬರಿಗಾಲಲ್ಲಿ ಹೊರಟ.

ಹೊರಗೆ ದಟ್ಟ ಮಂಜು. ಚಿಕ್ಕ ನಾಯಿ ಬೋಳ ಮುಂದೆ ಓಡಿತು. ಕೆಂಚಿ ಹಿಂದೆ ಬರುತ್ತಿದೆಯೇ? ತಿರುಗಿ ನೋಡಿದ. ಇತ್ತು. ಮತ್ತೆ ನೋಡಿದ. ಇತ್ತು.

ಜಾಲಿಮರದ ಬಳಿ ನೋಡಿದ. ಇರಲಿಲ್ಲ.

"ಕೆಂಚೀ!"

ಕೂಗುತ್ತ ಆಚೆ ಓಡಿದ, ಈಚೆ ಓಡಿದ. ಅವನ ಕೂಗು ಎದುರು ದಂಡೆಗೆ ಬಡಿದು ಅವನಿಗೇ ಮರಳಿ ಬಂತು. ಎಲ್ಲೋ ನೀರಿಗೆ ಏನೋ ಬಿದ್ದ ಸಪ್ಪಳವಾಯಿತು. ಅಜ್ಜರು ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟು ಸಾಕಿದ ಮುದಿ ಜೀವ ಅದು. ಈ ತಣ್ಣೀರಿಗೆ ಬಿದ್ದರೆ ಉಳಿಯುವುದಿಲ್ಲ.

ಆಶ್ರಮಕ್ಕೆ ಓಡಿಬಂದು ಬಾಗಿಲಲ್ಲೇ ಕುಸಿದ. ಬೋಳ ಅವನ ಹಿಂದೆಯೇ ಬಂದು ಒಲೆಯ ಪಕ್ಕ ಮಲಗಿತು.

"ಅಜ್ಜಾರ, ಕೆಂಚಿನ್ನ ಕಳಕೊಂಡೆ."

ಅಜ್ಜರು ಅವನ ಕೆಸರುಗಾಲು ನೋಡಿದರು. ಗೋಡೆಯ ಕಡೆ ನೋಡಿದರು.

"ಹಾವುಗಿ ಇಲ್ಲೇ ಅದಾವಲ್ಲ."

"ಪೂಜಾ ಮಾಡೂ ಹಾವುಗಿ. ಅವನ್ನ ನಾ ಹೆಂಗ ಮೆಟ್ಟಲಿ?"

"ಅದಕ್ಕ ಕಣ್ಣಿಲ್ಲ. ಮೂಗೂ ಮಂದ ಆಗೇತಿ. ಹಾವುಗಿ ಸಪ್ಪಳದ ಬೆನ್ನ ಹತ್ತಿ ಅಡ್ಡಾಡತೈತಿ. ನೀ ಆ ಸಪ್ಪಳಾನ ಇಲ್ಲೇ ಬಿಟ್ಟು ಹೋದಿ."

"ನೀವ ಬರ್ರಿ ಅಜ್ಜಾರ. ನನ್ನ ಕೈಲೆ ಆಗೂದಿಲ್ಲ."

ಅಜ್ಜರು ಏಳಲು ನೋಡಿದರು. ಕಾಲು ಏಳಗೊಡಲಿಲ್ಲ. ಕೂತಲ್ಲಿಂದಲೇ ಕೋಲು ಚಾಚಿ ಹಾವುಗೆಗಳನ್ನು ಅವನ ಮುಂದೆ ತಳ್ಳಿದರು.

"ಮೆಟ್ಟು. ದಿನದ ದಾರಿ ಹಿಡಿದು ಹೋಗು. ಕೂಗಬ್ಯಾಡ. ನಿಂತು ನಿಂತು ನೋಡಬ್ಯಾಡ."

ಹಾವುಗೆಯಲ್ಲಿ ಅಜ್ಜರ ಹೆಬ್ಬೆರಳು ಸವೆಸಿದ ಗುಳಿಯಿತ್ತು. ಸಂಗಯ್ಯನ ಕಾಲು ಅದಕ್ಕೆ ಹೊಂದಲಿಲ್ಲ. ಎಡವುತ್ತ, ಮನಸ್ಸಿನಲ್ಲೇ ತಪ್ಪಾಯಿತು ತಪ್ಪಾಯಿತು ಎನ್ನುತ್ತ ಹೊರಟ.

ಟಕ್, ಟಕ್.

ಜಾಲಿಮರ ದಾಟಿದ. ಏನೂ ಇಲ್ಲ. ಕೂಗಬೇಕೆನಿಸಿತು, ತುಟಿ ಕಚ್ಚಿ ನಡೆದ. ಅಜ್ಜರು ದಿನವೂ ವಾಪಸಾಗುವ ಬಂಡೆಯವರೆಗೆ ಹೋಗಿ, ಮರಳಿ ಹೊರಟ. ಬರುವಾಗ ಜೊಂಡಿನಲ್ಲಿ ಏನೋ ಸರಿದಾಡಿತು. ಆಮೇಲೆ ಬೆನ್ನ ಹಿಂದೆ ಏದುಸಿರು ಕೇಳಿತು. ಕೆಂಚಿಯೋ, ಬೇರೆ ಯಾವ ಪ್ರಾಣಿಯೋ? ತಿರುಗಲು ಕತ್ತು ಎಳೆಯುತ್ತಿತ್ತು. ತಿರುಗಲಿಲ್ಲ.

ಆಶ್ರಮದ ಹೊಸ್ತಿಲಲ್ಲಿ ನಿಂತಾಗ ತಣ್ಣನೆಯ ಒದ್ದೆ ಮೂಗೊಂದು ಅವನ ಹಿಮ್ಮಡಿಗೆ ತಾಗಿತು.

ಸಂಗಯ್ಯ ಅತ್ತುಬಿಟ್ಟ. ಹೊಟ್ಟೆಯವರೆಗೆ ಕೆಸರಾಗಿ ಗಡಗಡ ನಡುಗುತ್ತಿದ್ದ ಕೆಂಚಿಯನ್ನು ತನ್ನ ಕಂಬಳಿಯಿಂದಲೇ ಒರೆಸಿದ. ಆಮೇಲೆ ನೆನಪಾಗಿ ಗಡಬಡಿಸಿ ಹಾವುಗೆ ಕಳಚಿ, ತೊಳೆದು, ಕಣ್ಣಿಗೊತ್ತಿಕೊಂಡು ಗೋಡೆಯ ಬಳಿ ಇಟ್ಟ.

"ತಪ್ಪಾತ್ರಿ ಅಜ್ಜಾರ. ಇನ್ನೊಮ್ಮೆ ಇವನ್ನ ಮೆಟ್ಟೂದಿಲ್ಲ. ಕಾಲಿನ ಬಾವು ಇಳೀಲಿ, ನಾಳೆ ನೀವ ಹೋಗೀರಂತ."

ಅಜ್ಜರು ಬಾತ ಮೊಣಕಾಲನ್ನು ನೀವಿಕೊಂಡರು.

"ನಾ ಹೋದ ಮ್ಯಾಲ ಅದು ಯಾರ ಬೆನ್ನ ಹತ್ತಬೇಕು, ಸಂಗಯ್ಯಾ?"