ಇಮಾಂಬಿ ಮನೆ ಬಿಡಿಸಿಕೊಂಡ ಬಗೆ

"ಗುರುಗಳೇ, ಕಾಲಾವಕಾಶ ಇರುವ ಕೆಲಸಕ್ಕೆ ಅವಸರ ಏಕೆ ಬೇಕು?" ಎಂದು ಗದಿಗೆಪ್ಪ ಕೇಳಿದ.

ಗದಿಗೆಪ್ಪ ತಾಲ್ಲೂಕು ಕಚೇರಿಯ ಗುಮಾಸ್ತ. ನಲವತ್ತೆಂಟು ವರ್ಷದವನು. ಪ್ರತಿ ಸೋಮವಾರ ಸಂಜೆ ಮಠಕ್ಕೆ ಬಂದು ಗುರುಗಳ ಮಾತು ಕೇಳಿ ಹೋಗುತ್ತಿದ್ದ. ದಿನಕ್ಕೆ ಒಂದು ಗಳಿಗೆಯಾದರೂ ಒಬ್ಬನೇ ಕುಳಿತು ಮನಸ್ಸನ್ನು ನೋಡಿಕೋ ಎಂದು ಗುರುಗಳು ಅವನಿಗೆ ಹೇಳಿ ಎರಡು ವರ್ಷವಾಗಿತ್ತು. ಅವನು ಇನ್ನೂ ತೊಡಗಿರಲಿಲ್ಲ.

"ಮಕ್ಕಳ ಓದು ಮುಗಿಯಬೇಕು. ಮಗಳ ಮದುವೆ ಆಗಬೇಕು. ಇನ್ನು ಹನ್ನೆರಡು ವರ್ಷಕ್ಕೆ ನೌಕರಿ ಮುಗಿಯುತ್ತದೆ. ಆಮೇಲೆ ನನಗೆ ಇದೇ ಕೆಲಸ. ಈಗಲೇ ಹಟ ಹಿಡಿದು ಕುಳಿತರೆ ಹೆಚ್ಚಿಗೆ ಏನು ಸಿಕ್ಕೀತು?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಿಂಜಾರನಿದ್ದ. ಹೆಸರು ರಾಜಾಸಾಬ. ಹತ್ತಿ ಹಿಂಜಿ ಗಾದಿ ತುಂಬಿ ಹೊಲಿಯುವುದು ಅವನ ಕಸುಬು. ಹೆಂಡತಿ ಇಮಾಂಬಿ. ಒಬ್ಬಳೇ ಮಗಳು. ಬಾಡಿಗೆ ಮನೆಯ ಬಾಳು. ಹತ್ತಿ ಹಿಂಜಿದರೆ ಅದರ ನವಿರು ಎದ್ದು ನೆರೆಯವರ ಅನ್ನದ ಮೇಲೆ ಕೂರುತ್ತದೆ. ಹಾಗಾಗಿ ಯಾವ ಮನೆಯೊಡೆಯನೂ ಅವರನ್ನು ಬಹಳ ದಿನ ಇಟ್ಟುಕೊಳ್ಳಲಿಲ್ಲ. ಏಳು ವರ್ಷದಲ್ಲಿ ಐದು ಮನೆ ಬಿಟ್ಟರು. ಐದನೆಯದನ್ನು ಬಿಡುವ ದಿನ ಹತ್ತಿ ಹಿಂಜುವ ಬಿಲ್ಲನ್ನು ಗಾಡಿಗೆ ಹೇರಿ ಇಮಾಂಬಿ ಗಂಡನಿಗೆ ಹೇಳಿದಳು: "ಇನ್ನೊಬ್ಬರ ಮನೀಗೆ ನಾ ಇನ್ನ ಸಾಮಾನು ಹೊರೂದಿಲ್ಲ."

ಊರ ಅಂಚಿನಲ್ಲಿ ಎರಡು ಅಂಕಣದ ಮನೆಯೊಂದು ಮಾರಾಟಕ್ಕಿತ್ತು. ಅವರ ಕೈಯಲ್ಲಿ ಬೆಲೆಯ ಕಾಲುಪಾಲು ಹಣವಿತ್ತು. ಉಳಿದದ್ದನ್ನು ಬಟ್ಟೆಯಂಗಡಿಯ ಸಾಹುಕಾರ ಕೊಟ್ಟ. ಅದೇ ಮನೆಯನ್ನು ಅಡವು ಬರೆಸಿಕೊಂಡ. ಹದಿನೈದು ವರ್ಷದ ಅವಧಿ, ತಿಂಗಳಿಗೊಂದು ಕಂತು. ಸಾಲಾಗಿ ಮೂರು ಕಂತು ತಪ್ಪಿದರೆ ಮನೆ ಸಾಹುಕಾರನದು. ನಡುವೆ ಹೆಚ್ಚಿಗೆ ಹಣ ಕಟ್ಟಿದರೆ ಅದನ್ನು ಅಸಲಿಗೆ ಮುರಿದುಕೊಳ್ಳತಕ್ಕದ್ದು. ಈ ಕೊನೆಯ ಮಾತನ್ನು ಬರೆಸಿದವಳು ಇಮಾಂಬಿ. ಹಾಗೆ ಹೆಚ್ಚಿಗೆ ಕಟ್ಟಿದವರನ್ನು ಸಾಹುಕಾರ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಕ್ಕು ಒಪ್ಪಿಕೊಂಡ.

ರಾಜಾಸಾಬನಿಗೆ ಅಂದು ಬಹಳ ಸಂತೋಷ. ಹದಿನೈದು ವರ್ಷ ಎಂದರೆ ಉಸಿರಾಡುತ್ತ ತೀರಿಸಬಹುದು ಎಂದ. ಇಮಾಂಬಿ ಬೆರಳು ಮಡಿಚಿ ಲೆಕ್ಕ ಹಾಕುತ್ತಿದ್ದಳು. ಗಂಡನಿಗೆ ಈಗ ಮೂವತ್ತೊಂಬತ್ತು. ಹದಿನೈದು ಕೂಡಿದರೆ ಐವತ್ತನಾಲ್ಕು. ಅವಳ ಮಾವನೂ ಪಿಂಜಾರನೇ ಆಗಿದ್ದ. ಆ ಬಿಲ್ಲು ಹಗುರವಾದದ್ದಲ್ಲ. ಅದನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕೊಡತಿಯಿಂದ ದಿನವಿಡೀ ತಂತಿಗೆ ಹೊಡೆಯಬೇಕು. ಎಳೆದ ಪ್ರತಿ ಉಸಿರಿನಲ್ಲೂ ಹತ್ತಿಯ ಪುಡಿ ಒಳಗೆ ಹೋಗುತ್ತದೆ. ಮಾವ ಬಿಲ್ಲು ಕೆಳಗಿಟ್ಟಾಗ ಅವನಿಗೆ ಐವತ್ತು ತುಂಬಿರಲಿಲ್ಲ. ಆ ಲೆಕ್ಕವನ್ನು ಅವಳು ಗಂಡನಿಗೆ ಹೇಳಲಿಲ್ಲ. "ಏಳು ವರ್ಷಕ್ಕ ಮುಗಸೂಣು" ಎಂದಷ್ಟೇ ಹೇಳಿದಳು. ಹೊಸ ಮನೆಯ ಹುಮ್ಮಸ್ಸಿನಲ್ಲಿ ಅವನೂ ಆಗಲಿ ಎಂದ.

ಮರುದಿನದಿಂದ ಆ ಮನೆಯ ನಡೆ ಬದಲಾಯಿತು.

ಮೊದಲು ಜೋಳವನ್ನು ಸೇರಿನ ಲೆಕ್ಕದಲ್ಲಿ ತರುತ್ತಿದ್ದರು. ಇಮಾಂಬಿ ಸುಗ್ಗಿಯ ಹೊತ್ತಿಗೆ ಹಳ್ಳಿಗೆ ಹೋಗಿ ವರ್ಷದ ಜೋಳವನ್ನು ಒಮ್ಮೆಗೇ ತಂದು ಬೇವಿನೆಲೆ ಹಾಕಿ ತುಂಬಿಟ್ಟಳು. ಬೆಲೆ ಅರ್ಧಕ್ಕೆ ಬಂತು. ರೊಟ್ಟಿಯ ಜೊತೆ ಒಂದೇ ಪಲ್ಲೆ, ಇಲ್ಲವೇ ಚಟ್ನಿಪುಡಿ. ಮಾಂಸ ಹಬ್ಬಕ್ಕೆ ಮಾತ್ರ. ಚಹಾ ಬೆಳಿಗ್ಗೆ ಒಂದು ಸಲ. ಹೊಸ ಬಟ್ಟೆ ವರ್ಷಕ್ಕೊಂದು ಜೊತೆ. ಗಾದಿ ಹೊಲಿದ ಮೇಲೆ ಉಳಿಯುವ ಚೂರು ಬಟ್ಟೆಯಲ್ಲಿ ಅವಳು ಕೌದಿ ಹೊಲಿದಳು, ಉದುರಿದ ಹತ್ತಿಯನ್ನು ಬಳಿದು ಕೂಸುಗಳ ತಲೆದಿಂಬು ಮಾಡಿ ಸಂತೆಯಲ್ಲಿ ಮಾರಿದಳು. ಮನೆಯಲ್ಲಿದ್ದ ಒಂದೇ ಗಾದಿಯನ್ನೂ ಮಾರಿ ಮೂವರೂ ಚಾಪೆಯ ಮೇಲೆ ಮಲಗಿದರು. ಆದರೆ ಮನೆಗೆ ಬಂದವರಿಗೆ ಇಲ್ಲವೆನ್ನಲಿಲ್ಲ. ಬಂದವರು ಉಂಡೇ ಹೋದರು.

ಒಂದು ಸಲ ಅವಳು ಗೆರೆ ದಾಟಿದಳು. ಮಗಳಿಗೆ ಜ್ವರ ಬಂತು. ಕಂತು ಕಟ್ಟುವ ವಾರ ಅದು. ಕಷಾಯದಲ್ಲೇ ಹೋದೀತು ಎಂದು ಎರಡು ದಿನ ಕಾದಳು. ಮೂರನೆಯ ದಿನ ಮಗು ಕಣ್ಣು ತೆರೆಯಲಿಲ್ಲ. ಎತ್ತಿಕೊಂಡು ದವಾಖಾನೆಗೆ ಓಡಿದಳು. ಡಾಕ್ಟರು ನಿನ್ನೆಯೇ ತರಬೇಕಿತ್ತು ಎಂದರು. ಮಗು ಉಳಿಯಿತು. ಹಿಂತಿರುಗುವ ದಾರಿಯಲ್ಲಿ ಇಮಾಂಬಿ ಒಂದು ಕಟ್ಟೆಯ ಮೇಲೆ ಕುಳಿತು ಅತ್ತಳು. ಆ ದಿನದಿಂದ ಔಷಧಿಗೂ ಮಗಳ ಓದಿಗೂ ಲೆಕ್ಕ ಹಿಡಿಯಲಿಲ್ಲ. ಆ ತಿಂಗಳು ಕಂತನ್ನಷ್ಟೇ ಕಟ್ಟಿದಳು. ಮುಂದಿನ ತಿಂಗಳು ಮತ್ತೆ ಹೆಚ್ಚಿಗೆ ಕಟ್ಟತೊಡಗಿದಳು.

ಸಾಹುಕಾರ ಕೆಟ್ಟವನಲ್ಲ. ಹಬ್ಬದ ಮುಂದೆ ತಾನೇ ಮನೆಗೆ ಬಂದ. ಕಂಕುಳಲ್ಲಿ ಒಂದು ಇಳಕಲ್ ಸೀರೆ.

"ತಂಗಿ, ಇದನ್ನ ಉಟ್ಟುಕೊ. ರೊಕ್ಕ ಈಗ ಬ್ಯಾಡ, ಪತ್ರದಾಗ ಸೇರಸ್ತೀನಿ. ಇನ್ನೂ ಹದಿನಾಕು ವರ್ಷ ಅದಾವ. ಯಾಕ ಇಷ್ಟು ಅವಸರ ಮಾಡ್ತಿ? ಉಂಡು ಉಟ್ಟು ಸುಖವಾಗಿರ್ರಿ."

ರಾಜಾಸಾಬ ಸೀರೆಯ ಸೆರಗನ್ನು ಮುಟ್ಟಿ ನೋಡಿದ. ಹೆಂಡತಿಗೆ ಒಪ್ಪುವ ಬಣ್ಣ ಅದು. ಇಮಾಂಬಿಗೂ ಆಸೆಯಾಯಿತು. ಸಾಹುಕಾರನಿಗೆ ಚಹಾ ಕೊಟ್ಟಳು. ಸೀರೆಯನ್ನು ಮಡಿಚಿ ಅವನ ಪಕ್ಕಕ್ಕಿಟ್ಟಳು. "ಪತ್ರದಾಗಿಂದು ಕಡಿಮಿ ಮಾಡಾಕ ನಿಂತೀವ್ರಿ ಅಣ್ಣಾರ, ಹೆಚ್ಚು ಮಾಡಾಕಲ್ಲ" ಎಂದಳು. ಸಾಹುಕಾರ ಬೇಸರಪಟ್ಟುಕೊಳ್ಳಲಿಲ್ಲ. ಹಬ್ಬಕ್ಕೆ ಹಬ್ಬಕ್ಕೆ ಬರುತ್ತಲೇ ಇದ್ದ. ಒಮ್ಮೆ ಮಗಳಿಗೆ ಬೆಳ್ಳಿ ಕಾಲ್ಗೆಜ್ಜೆ, ಒಮ್ಮೆ ರಾಜಾಸಾಬನಿಗೆ ಕೋಟು. ಬಂದದ್ದೆಲ್ಲ ಹಾಗೆಯೇ ಹಿಂದಕ್ಕೆ ಹೋಯಿತು.

ಮೂರನೆಯ ವರ್ಷ ರಾಜಾಸಾಬನ ತಾಳ್ಮೆ ತಪ್ಪಿತು. ಸಂತೆಯ ದಿನ ಗೆಳೆಯರು ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ, ಗಾದಿ ಹೊಲಿಯುವವನ ಮನೆಯಲ್ಲಿ ಚಾಪೆಯಂತೆ ಎಂದು ನಕ್ಕರು. ಅವನು ಎದ್ದು ಮನೆಗೆ ಬಂದ. ಹೊಸಿಲಲ್ಲೇ ನಿಂತು ಕೇಳಿದ.

"ನಾವೇನು ತಿರಕೊಂಡು ತಿನ್ನಾವ್ರೇನು? ಎತ್ತಿನಂಗ ದುಡೀತೀನಿ. ಸಂತಿ ದಿನ ಒಂದು ಕಪ್ ಚಹಾ ಕುಡಿಯೋ ಹಕ್ಕಿಲ್ಲೇನು ನನಗ?"

ಇಮಾಂಬಿ ರೊಕ್ಕದ ಡಬ್ಬಿ ತಂದು ಅವನ ಮುಂದಿಟ್ಟಳು. ಮೂರು ವರ್ಷ ಮುಚ್ಚಿಟ್ಟಿದ್ದ ಮಾತನ್ನು ಅಂದು ಹೇಳಿದಳು.

"ಇದು ನಿಮ್ಮ ದುಡಿಮಿ. ಎಷ್ಟು ಬೇಕೋ ತಗೋರಿ, ನಾ ಬ್ಯಾಡ ಅನ್ನೂದಿಲ್ಲ. ಆದರ ಹೋಗೂಕಿಂತ ಮೊದಲು ಒಂದು ಹೇಳ್ರಿ. ನಿಮ್ಮ ಅಪ್ಪ ಬಿಲ್ಲು ಕೆಳಗಿಟ್ಟಾಗ ಅವರಿಗೆ ಎಷ್ಟು ವಯಸ್ಸಾಗಿತ್ತು?"

ರಾಜಾಸಾಬ ಹೊಸಿಲ ಮೇಲೆಯೇ ಕುಳಿತ. ಅಪ್ಪನ ಕೊನೆಯ ವರ್ಷಗಳು ಅವನ ಕಣ್ಣ ಮುಂದೆ ಬಂದವು. ಗೋಡೆಗೊರಗಿ ಕುಳಿತ ಅಪ್ಪ, ಗಳಿಗೆಗೊಮ್ಮೆ ಬರುವ ಕೆಮ್ಮು, ಬಾಡಿಗೆ ಕೇಳಲು ಬಂದವನ ಎದುರು ತಗ್ಗಿದ ಆ ತಲೆ. ಅವನೂ ಬೆರಳು ಮಡಿಚಿದ. ಡಬ್ಬಿಯನ್ನು ತಾನೇ ಒಳಗೆ ಒಯ್ದಿಟ್ಟ. ಮುಂದೆ ಯಾರು ನಕ್ಕರೂ ಅವನು ಅದನ್ನು ಮನೆಗೆ ತರಲಿಲ್ಲ. ಅದುವರೆಗೆ ಹಟ ಅವಳೊಬ್ಬಳದಾಗಿತ್ತು. ಅಂದಿನಿಂದ ಇಬ್ಬರದಾಯಿತು.

ಐದನೆಯ ವರ್ಷ ಕಸುಬಿಗೇ ಪೆಟ್ಟು ಬಿತ್ತು. ಪೇಟೆಯ ಅಂಗಡಿಗಳಿಗೆ ಕಾರ್ಖಾನೆಯ ಸಿದ್ಧ ಹಾಸಿಗೆಗಳು ಬಂದವು. ಹೊಸ ಗಾದಿ ಕೇಳುವವರು ಇಲ್ಲವಾದರು. ಒಂದು ಕಂತು ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಇಪ್ಪತ್ತು ದಿನ ಉಳಿದಿತ್ತು. ಹೆಚ್ಚಿಗೆ ಕಟ್ಟಿದ ಹಣ ಅಸಲಿಗೆ ಹೋಗಿತ್ತು, ತಪ್ಪಿದ ಕಂತಿಗೆ ಅದು ಒದಗುವುದಿಲ್ಲ. ಇಷ್ಟು ವರ್ಷ ಹೊಟ್ಟೆ ಕಟ್ಟಿದ್ದೂ ನೀರಿನಲ್ಲಿ ಹೋಮವಾದೀತು.

ರಾಜಾಸಾಬ ತಲೆಯ ಮೇಲೆ ಕೈ ಹೊತ್ತು ಕುಳಿತ. ಇಮಾಂಬಿ ಕೂರಲಿಲ್ಲ. ಹೊಸ ಗಾದಿ ಬೇಡವಾದವರ ಮನೆಯಲ್ಲೂ ಹಳೆಯ ಗಾದಿ ಗಂಟುಕಟ್ಟಿ ಕಲ್ಲಾಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗಂಡಸೊಬ್ಬನೇ ಹೋಗಿ ಒಳಗಿನ ಹಾಸಿಗೆ ಹೊರಗೆ ತನ್ನಿ ಎಂದರೆ ಹೆಂಗಸರು ಬಾಗಿಲು ತೆಗೆಯುವುದಿಲ್ಲ. ಅದಕ್ಕೆ ಅವಳೇ ಜೊತೆಗೆ ಹೊರಟಳು. ಮುಂದೆ ಅವಳು, ಹಿಂದೆ ಹೆಗಲ ಮೇಲೆ ಬಿಲ್ಲು ಹೊತ್ತ ಅವನು. ಬೆಳಗಾದರೆ ಒಂದು ಹಳ್ಳಿ. ಅಂಗಳದಲ್ಲೇ ಹಳೆಯ ಗಾದಿ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಹಿಂಜಿ, ತುಂಬಿ, ಹೊಲಿದು ಕೊಟ್ಟರು. ಹೊಸದರ ಕಾಲುಪಾಲು ಕೂಲಿ. ಒಂದು ಮನೆಯವಳು ಇನ್ನೊಂದು ಮನೆಯವಳಿಗೆ ಹೇಳಿದಳು. ಹತ್ತೊಂಬತ್ತನೆಯ ದಿನ ಇಮಾಂಬಿ ಬಟ್ಟೆಯಂಗಡಿಯ ಮೆಟ್ಟಿಲು ಹತ್ತಿ ಮೂರೂ ಕಂತನ್ನು ಒಟ್ಟಿಗೆ ಎಣಿಸಿಟ್ಟಳು. ಅವಳ ಅಂಗಾಲು ಒಡೆದಿತ್ತು.

ಏಳು ವರ್ಷ ಎಂದಿದ್ದಳು. ಏಳೂವರೆ ಹಿಡಿಯಿತು. ಕೊನೆಯ ಹಣ ಕಟ್ಟುವ ದಿನ ಗಂಡ, ಹೆಂಡತಿ, ಮಗಳು ಮೂವರೂ ಹೋದರು. ಸಾಹುಕಾರ ಎರಡು ಸಲ ಲೆಕ್ಕ ನೋಡಿದ. ತಪ್ಪು ಸಿಗಲಿಲ್ಲ. ಪತ್ರದ ಮೇಲೆ ತೀರಿತು ಎಂದು ಬರೆದು ರುಜು ಹಾಕಿ ಕೊಟ್ಟ. ಕೊಡುವಾಗ ಕೇಳಿದ.

"ಒಂದು ಮಾತು ಕೇಳ್ತೀನಿ ತಂಗಿ, ಸಿಟ್ಟಾಗಬ್ಯಾಡ. ಇನ್ನೂ ಏಳೂವರೆ ವರ್ಷ ಇತ್ತು. ಅಲ್ಲೀತನಕ ನಿಮ್ಮನ್ನ ಯಾರೂ ಹೊರಗ ಹಾಕ್ತಿರಲಿಲ್ಲ. ಒಣರೊಟ್ಟಿ ತಿಂದು ಬೇಗ ಮುಗಿಸಿದ್ರಿ. ಮನಿ ಅದ ಮನಿ. ಹೆಚ್ಚಿಗಿ ಏನು ಸಿಕ್ಕಿತು?"

"ಮನಿ ಅದ ಮನೀ ಖರೇರಿ" ಎಂದಳು ಇಮಾಂಬಿ. "ಉಳದ ಏಳೂವರೆ ವರ್ಷ ನಿಮ್ಮ ಕಡೆ ಇದ್ದವು. ಅವನ್ನ ತಗೊಂಡು ಹೊಂಟೀವಿ."

ಸಾಹುಕಾರ ಎದ್ದು ಅಂಗಡಿಯ ಬಾಗಿಲಿಗೆ ಬಂದ. ಅವರು ಹೋಗುವವರೆಗೆ ನಿಂತೇ ಇದ್ದ.

ಆ ವಾರ ರಾಜಾಸಾಬ ತನ್ನ ಮನೆಗೆಂದು ಮೂರು ಗಾದಿ ತುಂಬಿದ. ಒಳ್ಳೆಯ ಹತ್ತಿ ಹಾಕಿದ. ಇಮಾಂಬಿ ಬೇಡವೆನ್ನಲಿಲ್ಲ. ಮರುವರ್ಷ ಅವನ ಬಲಭುಜ ಏಳದಾಯಿತು. ಕೆಮ್ಮು ಎದೆಯಲ್ಲಿ ಮನೆ ಮಾಡಿತು. ಬಿಲ್ಲನ್ನು ಎಣ್ಣೆ ಹಚ್ಚಿ ಅಟ್ಟಕ್ಕೆ ಹಾಕಿದರು. ಆಗ ಅವನಿಗೆ ನಲವತ್ತೆಂಟು. ಇಮಾಂಬಿ ಅಂಜಿದ್ದಕ್ಕಿಂತಲೂ ಮೊದಲೇ ಅದು ಬಂತು.

ಕೆಲಸ ನಿಂತಿತು, ಆದರೆ ಬಾಡಿಗೆ, ಕಂತು ಎಂದು ಕೇಳಿಕೊಂಡು ಬಾಗಿಲಿಗೆ ಯಾರೂ ಬರಲಿಲ್ಲ. ಇಮಾಂಬಿಯ ಕೌದಿಗಳ ಆದಾಯದಲ್ಲಿ ಮೂವರ ಊಟ ನಡೆಯಿತು. ಅವರಿಗೆ ಕಡಿಮೆಯಲ್ಲಿ ಬದುಕುವುದು ಗೊತ್ತಿತ್ತು. ಮಗಳ ಓದು ನಿಲ್ಲಲಿಲ್ಲ. ರಾಜಾಸಾಬ ಹಗಲೆಲ್ಲ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತು ಸಣ್ಣ ದಿಂಬುಗಳಿಗೆ ಹತ್ತಿ ತುಂಬುತ್ತಿದ್ದ. ಹಾದಿಯಲ್ಲಿ ಹೋಗುವವರನ್ನು ಕರೆದು ಮಾತಾಡಿಸುತ್ತಿದ್ದ. ಯಾರ ಎದುರೂ ತಲೆ ತಗ್ಗಿಸಬೇಕಾಗಿರಲಿಲ್ಲ. ಹಾಗೆ ಅವನು ಇನ್ನೂ ಹನ್ನೊಂದು ವರ್ಷ ಬಾಳಿದ.

ಗುರುಗಳು ಕತೆ ನಿಲ್ಲಿಸಿದರು.

ಗದಿಗೆಪ್ಪನಿಗೆ ಕತೆ ಹಿಡಿಸಿತ್ತು. "ಜಾಣ ಹೆಂಗಸು ಗುರುಗಳೇ. ಹದಿನೈದು ವರ್ಷ ಇದೆ ಎಂದು ಮೈಮರೆಯಲಿಲ್ಲ" ಎಂದ.

ಗುರುಗಳು ಅವನ ಮುಖ ನೋಡಿದರು.

"ಆಕೆಯ ಹದಿನೈದು ವರ್ಷವನ್ನಾದರೂ ಒಬ್ಬರು ಬರೆದುಕೊಟ್ಟಿದ್ದರು, ನಿನ್ನ ಹನ್ನೆರಡು ವರ್ಷವನ್ನು ಬರೆದುಕೊಟ್ಟವರು ಯಾರು, ಗದಿಗೆಪ್ಪ?"